ಟವಲ್ ಹಾಕಿದ ಸೀಟು

ಬಸ್ಸು ಕೆರೆಗೆ ಉರುಳಿದ ಮೇಲೆ ಗುಂಡ್ಲುಪೇಟೆಗೆ ಬಹಳ ದೊಡ್ಡವರು ಬಂದು ಹೋದರು. ಕೆರೆ ಏರಿಗೆ ತಡೆಗೋಡೆ ಕಟ್ಟಿಸುತ್ತೇವೆಂದರು, ಕಟ್ಟಿಸಿಯೂ ಬಿಟ್ಟರು. ನೀರಿಲ್ಲದ ಕಡೆಗೆ. ಆ ಕಡೆ ಕೆಲಸ ಸಲೀಸಾಗಿತ್ತಂತೆ.

ಕುಲ್ಸುಂ ಬಿಯ ಗಂಡ ಅಬ್ದುಲ್ ಸತ್ತಾರ್ ಅದೇ ಬಸ್ಸಿನಲ್ಲಿ ಹೋಗಿಬಿಟ್ಟ. ಹಾಸಿಗೆ, ದಿಂಬು ಹೊಲಿಯುವವನು. ಚಾಮರಾಜನಗರದಿಂದ ಹತ್ತಿ ತರಲು ಹೊರಟಿದ್ದ. ಇನ್ನು ಬಸ್ಸು ಹತ್ತುವುದಿಲ್ಲವೆಂದು ಕುಲ್ಸುಂ ಬಿ ಯಾರಿಗೂ ಹೇಳಲಿಲ್ಲ. ಹತ್ತಲಿಲ್ಲ, ಅಷ್ಟೆ. ಹೊಲಿಗೆ ಮಷೀನು ಮನೆಯಲ್ಲೇ ಇತ್ತು, ಸಂತೆ ನಡೆದು ಹೋಗುವಷ್ಟು ದೂರ. ವರ್ಷವಿಡೀ ಏನೂ ತೊಂದರೆಯಾಗಲಿಲ್ಲ.

ಆಮೇಲೆ ಚಾಮರಾಜನಗರದಲ್ಲಿದ್ದ ಮಗಳು ಸಬಾಳಿಗೆ ದಿನ ತುಂಬಿತು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತರುವಂತಿರಲಿಲ್ಲ. ಅಳಿಯ ತಾರಿಕ್ ಪಕ್ಕದ ಅಂಗಡಿಗೆ ಫೋನ್ ಮಾಡಿ, "ಅವಳು ನಿಮ್ಮನ್ನೇ ಕೇಳ್ತಿದಾಳೆ ಅಮ್ಮಿ" ಎಂದ.

ಮಾರನೆಯ ಬೆಳಿಗ್ಗೆ ಕುಲ್ಸುಂ ಬಿ ಬಸ್ ಸ್ಟ್ಯಾಂಡಿನವರೆಗೆ ಬಂದು, ಟೀ ಕುಡಿದು, ಮನೆಗೆ ವಾಪಸ್ ಹೋದಳು. ಅದರ ಮಾರನೆಯ ದಿನ ಟೀ ಕುಡಿಯಲಿಲ್ಲ. ನೆಲ ನೋಡಿಕೊಂಡೇ ಬಸ್ಸು ಹತ್ತಿದಳು. ಖಾಲಿಯಿದ್ದದ್ದು ಒಂದೇ ಸೀಟು. ಅದರ ಮೇಲೊಂದು ಟವಲ್, ಪಕ್ಕದ್ದರಲ್ಲಿ ಯಾರದೋ ಚೀಲ. ಟವಲನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟಳು.

ನಿಂತವರೆಲ್ಲ ತಿರುಗಿ ನೋಡಿದರು.

"ಬೂವಮ್ಮ," ಕಂಡಕ್ಟರ್ ಮಾದೇಶ್ ಬಗ್ಗಿ ಪಿಸುಗುಟ್ಟಿದ, "ಅದು ಮಾದಯ್ಯನೋರು ಎಂಡ್ರಿಗೆ ಇಡ್ದಿರೋ ಸೀಟು ಕಣಮ್ಮ."

"ಅವ್ರು ಎಲ್ಲಿ?"

"ಎಂಡ್ರಾ? ಅದೇ ಬಸ್ಸಲ್ಲಿ ಓದ್ರಲ್ಲ."

ದೊಡ್ಡಮಾದಯ್ಯ ಚಾಮರಾಜನಗರದ ಆಫೀಸೊಂದರಲ್ಲಿ ಜವಾನ. ಹೆಂಡತಿ ಚಿಕ್ಕಮಾದಮ್ಮ ಅಲ್ಲಿ ಸೊಪ್ಪು ಮಾರುತ್ತಿದ್ದಳು. ದಿನಾ ಕಿಟಕಿಯಿಂದ ಅವಳ ಸೀಟಿಗೆ ಟವಲ್, ತನ್ನದಕ್ಕೆ ಚೀಲ ಎಸೆದು ಆಮೇಲೆ ನಿಧಾನವಾಗಿ ಹತ್ತುವುದು ಅವನ ಪದ್ಧತಿ. ಬಸ್ಸು ಉರುಳಿದ ದಿನ ಅವನಿಗೆ ರಜೆ, ಅವಳೊಬ್ಬಳೇ ಹೊರಟಿದ್ದಳು. ಅವಳು ಹೋದ ಮೇಲೂ ಟವಲ್ ಬೀಳುತ್ತಲೇ ಇತ್ತು. ಜನ ನೇತಾಡಿಕೊಂಡು ಹೋಗುತ್ತಿದ್ದರೇ ಹೊರತು ಅಲ್ಲಿ ಕೂರುತ್ತಿರಲಿಲ್ಲ. ಹೊಸಬರು ಯಾರಾದರೂ ಕೇಳಿದರೆ, "ಬತ್ತಾಳೆ ಬುಡು" ಎನ್ನುತ್ತಿದ್ದ.

ಕುಲ್ಸುಂ ಬಿ ಏಳುವಷ್ಟರಲ್ಲಿ ಅವನೇ ಬಂದ. ಇಬ್ಬರಿಗೂ ಗುರುತು ಸಿಕ್ಕಿತು. ಅಪಘಾತದ ದಿನ ಆಸ್ಪತ್ರೆಯ ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತವರು. ಆಕೆ ದಿಂಬು ಹೊಲಿಯುವ ಸತ್ತಾರನ ಹೆಂಡತಿಯೆಂದು ಅವನಿಗೆ ಅಲ್ಲೇ ತಿಳಿದಿತ್ತು. ಅವನು ತಂದುಕೊಟ್ಟ ಟೀಯನ್ನು ಆಕೆ ಕುಡಿದಿದ್ದಳು.

ದೊಡ್ಡಮಾದಯ್ಯ ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡ.

"ಕುಂತ್ಕಳಿ ಬೂವಮ್ಮ. ಅವ್ಳು ಇವತ್ತು ಬರಾಕಿಲ್ಲ."

ಬಸ್ಸು ಹೊರಟಿತು. ಕೆರೆ ಏರಿ ಹತ್ತಿರವಾದಂತೆ ಕುಲ್ಸುಂ ಬಿ ಸೀಟಿನ ಅಂಚಿಗೆ ಸರಿದಳು. ಇಳಿಸಿ ಎಂದು ಕೂಗಬೇಕೆನ್ನುವಾಗ ದೊಡ್ಡಮಾದಯ್ಯ ಇದ್ದಕ್ಕಿದ್ದಂತೆ ಕೇಳಿದ:

"ದಿಂಬಲ್ಲಿ ಅತ್ತಿ ಗಂಟು ಕಟ್ಕತದಲ್ಲ, ಯಾಕೆ?"

"ಬಿಸಿಲಿಗೆ ಹಾಕಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ."

ಕುಲ್ಸುಂ ಬಿಗೆ ಸಿಟ್ಟೇ ಬಂತು. ದಿಂಬು ಬಿಚ್ಚುವುದು, ಹತ್ತಿ ಹಿಂಜುವುದು, ಮೂಲೆಗೆ ಮೊದಲು ತುಂಬುವುದು, ಎಲ್ಲ ಹೇಳಿ ಮುಗಿಸುವಾಗ ಕಿಟಕಿಯಾಚೆ ಅರಿಶಿನದ ಹೊಲ ಬಂದಿತ್ತು. ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ ದೊಡ್ಡಮಾದಯ್ಯನ ಕೈ ಸಡಿಲವಾಯಿತು.

"ನಮ್ಮನೆ ದಿಂಬು ಚೆನ್ನಾಗೇ ಅದೆ," ಎಂದ.

ಸಬಾಳಿಗೆ ಹೆಣ್ಣು ಮಗು, ಮುಬಶ್ಶಿರಾ. ಬಾಣಂತನ ಮುಗಿಸಿ ಊರಿಗೆ ಬಂದ ಮೇಲೂ ಮೊಮ್ಮಗಳನ್ನು ನೋಡಲು ಕುಲ್ಸುಂ ಬಿ ವಾರವಾರ ಹೊರಡತೊಡಗಿದಳು. ಒಂದು ದಿನ ದೊಡ್ಡಮಾದಯ್ಯ ಸ್ಟ್ಯಾಂಡಿನಲ್ಲಿ ಕಾಣಲಿಲ್ಲ. ಬಸ್ಸು ತುಂಬುತ್ತಿತ್ತು. ಆಕೆ ತನ್ನ ಪಕ್ಕದ ಸೀಟಿನ ಮೇಲೆ ಚೀಲವಿಟ್ಟಳು.

"ಯಾರಿಗಮ್ಮ ಸೀಟು?" ಎಂದ ಒಬ್ಬ ಹೊಸಬ.

"ಬರ್ತಾರೆ."

ಮಾದೇಶ್ ಸೀಟಿ ಊದುವುದನ್ನು ಬಿಟ್ಟು ಬಾಗಿಲಲ್ಲಿ ನಿಂತು ಚಿಲ್ಲರೆ ಹುಡುಕತೊಡಗಿದ. ಆಗ ದೊಡ್ಡಮಾದಯ್ಯ ಏದುಸಿರು ಬಿಡುತ್ತ ಬಂದ. ಆಕೆ ಚೀಲ ತೆಗೆದಳು, ಅವನು ಕೂತ. ಕೆರೆ ಬಂತು.

"ಮಾದಯ್ಯನವ್ರೇ, ನಿಮ್ಮ ಆಫೀಸಲ್ಲಿ ಫ್ಯಾನು ಸರಿಯಾಗಿ ತಿರುಗುತ್ತಾ?"

ಅದರಲ್ಲಿ ಹೇಳುವುದು ಬಹಳವಿತ್ತು. ಏರಿ ದಾಟಿದರೂ ಮುಗಿಯಲಿಲ್ಲ.