ಗೌರಾಬಾಯಿಯ ರೇಡಿಯೋಗ್ರಾಂ

ಮುರುಗೆಪ್ಪನವರ ಮನೆಯ ರೇಡಿಯೋಗ್ರಾಂ ಒಂದು ಸಣ್ಣ ಕಪಾಟಿನಷ್ಟು ದೊಡ್ಡದು. ಎಡಕ್ಕೆ ವಾಲ್ವ್ ರೇಡಿಯೋ, ಬಲಕ್ಕೆ ಮುಚ್ಚಳ ಎತ್ತಿದರೆ ಹಾಡಿನ ಪ್ಲೇಟು ತಿರುಗುವ ಜಾಗ. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ಇಲ್ಲಿನ ಕ್ಯಾಂಪ್ ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ದಿನಾ ಸಂಜೆ ಹೆಂಡತಿ ಗೌರಾಬಾಯಿ ಅದರ ಪಕ್ಕ ಕುರ್ಚಿ ಎಳೆದುಕೊಂಡು, ಮರದ ಮೇಲೆ ಅಂಗೈ ಊರಿ ಕೂರುತ್ತಿದ್ದರು. ಆಗ ಒಲೆಯ ಮೇಲಿನ ಹಾಲು ಉಕ್ಕಿದರೂ ಅವರಿಗೆ ಪರಿವೆಯಿಲ್ಲ.

ಈ ಚಳಿಗಾಲದಲ್ಲಿ ಅದು ಮೂಕವಾಯಿತು, ಗೌರಾಬಾಯಿಯ ಮುಖವೂ ಬಾಡಿತು. ಕರೆದರೆ ಓಗೊಡುವುದಿಲ್ಲ, ಕೇಳಿದ್ದೊಂದಾದರೆ ಹೇಳುವುದೊಂದು. ಹಾಡಿಲ್ಲದ ಬೇಸರ ಎಂದುಕೊಂಡರು ಮುರುಗೆಪ್ಪ. ಆ ಮುಖ ಮತ್ತೆ ಅರಳದೆ ಅವರಿಗೂ ಊಟ ರುಚಿಸಲಿಲ್ಲ.

ರಿಪೇರಿಯ ಕಿಶೋರ ಬೆಳಗಾವಿ ಕಡೆಯವನು. ಬಿಚ್ಚಿ ನೋಡಿ, "ಕಾಕಾ, ವಾಲ್ವ್ ಹೋಗ್ಯಾವ. ಹಳೇವು ಹುಡುಕಿ ಹಾಕಿದ್ರೂ ಘರಘರ ಅಂತದ. ಒಳಗ ಹೊಸಾ ಬೋರ್ಡ್ ಹಾಕಿ, ಗ್ವಾಡಿಗೆ ಎರಡು ಸ್ಪೀಕರ್ ಕೂಡಸ್ತೀನಿ. ಗಂಟಿ ಹೊಡ್ದಂಗ ಕೇಳ್ತದ ನೋಡ್ರಿ," ಎಂದ.

"ಹಂಗ ಮಾಡಪಾ. ನಿಮ್ಮ ಕಾಕೂಗ ಸ್ವಚ್ಛ ಕೇಳಬೇಕು."

ನಾಲ್ಕನೇ ದಿನ ರಿಪೇರಿ ಮುಗಿಯಿತು. ಸಂಜೆ ಮುರುಗೆಪ್ಪ ಹೆಂಡತಿಗೆ ಇಷ್ಟವಾದ ಭಜನೆಯ ಪ್ಲೇಟು ಹಾಕಿದರು. ಮನೆ ತುಂಬ ತಾಳ ಮೊಳಗಿತು. ಎದುರುಮನೆಯ ನೀಲಿಮಾ ಬಾಗಿಲಿಗೆ ಬಂದು, ಸ್ವಲ್ಪ ಸಣ್ಣಗೆ ಮಾಡಿ ಎಂದು ಮರಾಠಿಯಲ್ಲಿ ಹೇಳಿ ನಕ್ಕು ಹೋದಳು. ಗೌರಾಬಾಯಿ ಬಾಗಿಲಿಗೆ ಬೆನ್ನು ಮಾಡಿ, ಮರದ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದರು. ಕೈಯನ್ನು ಆಚೆ ಈಚೆ ಸರಿಸಿ ನೋಡಿದರು.

"ತಣ್ಣಗ ಅದ ಅಲ್ರಿ. ಇನ್ನೂ ಹಚ್ಚಿಲ್ಲೇನು?"

ಮುರುಗೆಪ್ಪನವರಿಗೆ ಆಗ ಹೊಳೆಯಿತು. ಇಷ್ಟು ದಿನ ಇವಳು ಕೇಳುತ್ತಿದ್ದದ್ದು ಅಂಗೈಯಿಂದ. ವಾಲ್ವಿನ ಬಿಸಿ, ಮರದೊಳಗಿನ ಅದುರು, ಅಷ್ಟೇ ಇವಳ ಹಾಡು. ಕಿವಿ ಹೋಯಿತೆಂದು ಹೇಳಿಕೊಳ್ಳಲು ಅಭಿಮಾನ ಅಡ್ಡ ಬಂದಿರಬೇಕು. ನಲವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ತಿಳಿಯಲಿಲ್ಲವೆಂದರೆ, ದೀಪದ ಬುಡದಲ್ಲೇ ಕತ್ತಲೆ. ಹೆಂಡತಿ ಉತ್ತರ ಕೊಡದಿದ್ದರೆ ಮುನಿಸಿಕೊಂಡಿದ್ದಾಳೆ ಎಂದು ತಿಳಿಯುವ ಗಂಡಸರ ಗುಂಪಿಗೆ ಅವರೂ ಸೇರಿದವರೇ. ನಾಚಿಕೆಯೂ ಆಯಿತು, ಅಳುವೂ ಬಂತು. ಪ್ಲೇಟು ನಿಲ್ಲಿಸಿ, ಹೆಂಡತಿಯ ಮುಖದೆದುರು ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ಇನ್ನೂ ರಿಪೇರಿ ಆಗಿಲ್ಲ."

ಮರುದಿನ ಬೆಳಿಗ್ಗೆಯೇ ಕಿಶೋರನ ಅಂಗಡಿಗೆ ಹೋದರು.

"ಹೊಸಾದು ತಗದು ವಾಲ್ವ್ ಹಾಕಪಾ. ಎಲ್ಲಿದ್ರೂ ಹುಡುಕು. ಸ್ಪೀಕರೂ ಮೊದಲಿನಂಗ ಒಳಗ ಇರಲಿ."

"ಘರಘರ ಅಂತದ, ಕಾಕಾ. ಕಾಕೂಗ ಸ್ವಚ್ಛ ಕೇಳಂಗಿಲ್ಲ."

"ಅನ್ಲಿ ಬಿಡು. ಬಿಸಿ ಆಗಬೇಕು, ಕೈ ಇಟ್ರ ನಡುಗಬೇಕು." ಮುರುಗೆಪ್ಪ ಹೊರಡಲು ತಿರುಗಿದರು. "ಕೇಳಾಕ ಮನ್ಯಾಗ ನಾ ಒಬ್ಬನೇ ಇದ್ದೀನಿ."