ಓಡಿಸುತ್ತಿದ್ದವರು

ಆ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಮೇಷ್ಟ್ರ ಕೈಯಲ್ಲಿ ಪಳಗಿದವರು. ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಮನೆಯ ಮುಂದಿನ ಕೋಣೆಯೇ ಅವರ ಸ್ಕೂಲು. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟಗಳು, ಮೇಜಿನ ಮೇಲೆ ಬಿಚ್ಚಿಟ್ಟ ಹಳೆಯ ಗೇರ್‌ಬಾಕ್ಸು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಆ ಕೋಣೆಯನ್ನು ದಿನಾ ಗುಡಿಸಿ ಒರೆಸುವವಳು, ಕಲಿಯಲು ಬಂದವರಿಗೆ ಟೀ ಕೊಡುವವಳು, ಸ್ಕೂಲಿನ ಕಾರಿನ ಸೀಟುಗಳಿಗೆ ಗವಸು ಹೊಲಿದವಳು ಅವರ ಹೆಂಡತಿ. ಅವಳಿಗೆ ಮಾತ್ರ ಕಾರು ಓಡಿಸಲು ಬರುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳು. "ನಿನಗೆ ಎಲ್ಲಿಗೆ ಹೋಗ್ಬೇಕು ಹೇಳು, ಕರ್ಕೊಂಡು ಹೋಗೋಕೆ ನಾನಿಲ್ವಾ?" ಎಂದಿದ್ದರು ಮೇಷ್ಟ್ರು. ಆಗ ಆ ಮಾತು ಕಿವಿಗೆ ಸಿಹಿಯಾಗಿಯೇ ಇತ್ತು. ಮಗಳು ಹುಟ್ಟಿದ ಮೇಲೆ ಇನ್ನೊಮ್ಮೆ ಕೇಳಿದಳು. "ಕಟ್ಕೊಂಡ ಹೆಂಡತಿಗೆ ಕಲಿಸೋಕೆ ಹೋದ್ರೆ ಸಂಸಾರ ಉಳಿಯಲ್ಲ ಕಣೇ" ಎಂದು ನಕ್ಕರು. ಆಮೇಲೆ ಅವಳು ಕೇಳಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಮೇಷ್ಟ್ರಿಗೆ ಬಿಡುವಾಗುವ ತನಕ ಕಾಯಬೇಕಿತ್ತು, ಬಿಡುವಾಗದಿದ್ದರೆ ಬಸ್ಸಿತ್ತು.

ದ್ವೀಪದ ಪ್ರವಾಸ ಮಗಳು ಕೊಟ್ಟ ಉಡುಗೊರೆ. ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಕಚೇರಿಯಲ್ಲಿ ಅವಳಿಗೆ ಕೆಲಸ. ಅಪ್ಪ ಅಮ್ಮ ಇಬ್ಬರೂ ಜೊತೆಯಾಗಿ ಎಲ್ಲಿಗೂ ಹೋದವರಲ್ಲ ಎಂದು ಹಟ ಹಿಡಿದು, ಹಡಗು, ಹೋಟೆಲು, ಕಡೆಗೆ ಒಂದು ಕ್ವಾಡ್ ಬೈಕ್ ಸುತ್ತಾಟವನ್ನೂ ಗೊತ್ತುಮಾಡಿ ಕಳಿಸಿದ್ದಳು. "ನಾಲ್ಕು ಚಕ್ರದ ಬೈಕಮ್ಮ, ಬೀಳೋದೇ ಇಲ್ಲ. ನೀನೂ ಓಡಿಸು" ಎಂದು ತನ್ನ ಹಳೆಯ ಜೀನ್ಸ್ ಪ್ಯಾಂಟೊಂದನ್ನು ಅಮ್ಮನ ಚೀಲಕ್ಕೆ ತುರುಕಿದ್ದಳು. ಆ ಪ್ಯಾಂಟನ್ನು ಹೋಟೆಲಿನ ಬಚ್ಚಲುಮನೆಯಲ್ಲಿ ಹಾಕಿಕೊಂಡು ಹೊರಬಂದಾಗ ಮೇಷ್ಟ್ರು ಮೇಲಿಂದ ಕೆಳಗೆ ನೋಡಿ, "ಸರ್ಕಸ್ಸಿಗೆ ಹೊರಟ್ಯಾ?" ಅಂದರು. ಅವಳೂ ನಕ್ಕುಬಿಟ್ಟಳು.

ಬೈಕುಗಳನ್ನು ಸಾಲಾಗಿ ನಿಲ್ಲಿಸಿದ್ದ ಅಂಗಳ ಹೋಟೆಲಿನ ಹಿಂಬದಿಯಲ್ಲೇ ಇತ್ತು. ಗೈಡ್ ಒಬ್ಬಳು ಹುಡುಗಿ. ಬಿಸಿಲಿಗೆ ಕಂದಿದ ಮುಖ, ಕುತ್ತಿಗೆಗೆ ಧೂಳು ಹಿಡಿದ ಕರವಸ್ತ್ರ. ಬಂದಿದ್ದವರು ಇವರಿಬ್ಬರನ್ನು ಬಿಟ್ಟರೆ ಹೊಸದಾಗಿ ಮದುವೆಯಾದ ಒಂದು ಜೋಡಿ, ಮತ್ತೆ ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಅಕ್ಕ. ಗೈಡ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದಳು: "ಹೆಬ್ಬೆರಳಲ್ಲಿ ಇದನ್ನ ಒತ್ತಿದ್ರೆ ಮುಂದೆ ಹೋಗುತ್ತೆ. ಬ್ರೇಕು ಸೈಕಲ್ ಥರಾನೇ. ಬರೀ ಮೈ ವಾಲಿಸಿದ್ರೆ ಇದು ತಿರುಗಲ್ಲ, ಹ್ಯಾಂಡಲ್ಲೇ ತಿರುಗಿಸ್ಬೇಕು. ಏನೇ ಆದ್ರೂ ಕಾಲು ಕೆಳಗೆ ಇಡ್ಬೇಡಿ. ಒಬ್ಬರ ಹಿಂದೆ ಒಬ್ಬರು ಬನ್ನಿ, ತುಂಬ ಅಂತರ ಬಿಡ್ಬೇಡಿ."

"ನಾನು ಡ್ರೈವಿಂಗ್ ಸ್ಕೂಲ್ ನಡೆಸೋನಮ್ಮ" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ. "ನಿನ್ನಂಥ ಹುಡುಗೀರು ಎಷ್ಟು ಜನ ನನ್ನ ಕೈಲಿ ಕಲಿತು ಹೋಗಿದಾರೋ!"

"ಹೌದಾ ಸರ್? ಒಳ್ಳೇದಾಯ್ತು. ಆದ್ರೂ ಒಂದು ಸುತ್ತು ಹಾಕ್ಬಿಡಿ. ಜೊತೇಲಿ ಬಂದೋರೂ ಒಂದೊಂದು ಸುತ್ತು ಹಾಕ್ಲಿ. ದಾರೀಲಿ ಬದಲಾಯಿಸ್ಕೊಳ್ಬಹುದು."

"ಇವಳಾ? ಬೇಡ ಬಿಡಮ್ಮ, ಇವಳು ಹಿಂದೆ ಕೂತ್ಕೊಳ್ತಾಳೆ."

ಗೈಡ್ ಬಿಡಲಿಲ್ಲ. ಮೇಷ್ಟ್ರ ಹೆಂಡತಿ ಸೀಟಿನ ಮೇಲೆ ಕೂತು, ಹೆಬ್ಬೆರಳು ಒತ್ತಿ, ಅಂಗಳವನ್ನು ಒಂದು ಸುತ್ತು ಬಂದಳು. ನಡೆದುಕೊಂಡು ಹೋದಷ್ಟೇ ನಿಧಾನ. ಹಲ್ಲಿನ ಡಾಕ್ಟರ ಅಕ್ಕ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ಆಯ್ತಲ್ಲ ಆಸೆ ತೀರ್ತಲ್ಲ, ಹಿಂದೆ ಹತ್ತು" ಎಂದರು.

ದಾರಿ ಮುಳ್ಳುಪೊದೆಗಳ ನಡುವಿನ ಮಣ್ಣಿನ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ದೂರದಲ್ಲಿ ಸಮುದ್ರ. ಮೇಷ್ಟ್ರು ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದರು. "ಮುಂದಿರೋರು ಆಮೆ ಥರ ಹೋಗ್ತಿದಾರೆ, ಇದೇನು ಓಡಿಸೋದಾ" ಎಂದು ಗೊಣಗಿ, ನಿಂತು, ಮುಂದಿನವರು ಮರೆಯಾದ ಮೇಲೆ ಒಮ್ಮೆಲೇ ಓಡಿಸಿಕೊಂಡು ಹೋಗಿ ಅವರನ್ನು ಹಿಡಿಯುವುದು. ಧೂಳು ಅವಳ ಬಾಯಿಗೆಲ್ಲ ಹೋಗುತ್ತಿತ್ತು. "ರೀ, ನಿಧಾನ" ಎಂದರೆ ಇನ್ನಷ್ಟು ಜೋರು. ಗೈಡ್ ಎರಡು ಸಲ ನಿಂತು ಕೈಬೀಸಿ ಎಚ್ಚರಿಸಿದಳು.

ಗುಡ್ಡದ ತುದಿಯ ಹಳೆಯ ದೀಪಸ್ತಂಭದ ಬಳಿ ಎಲ್ಲರೂ ಇಳಿದು ನೀರು ಕುಡಿದರು. "ಬದಲಾಯಿಸ್ಕೊಳ್ಳೋರು ಇಲ್ಲೇ ಬದಲಾಯಿಸ್ಕೊಳ್ಳಿ" ಎಂದು ಹೇಳಿ ಗೈಡ್ ಮುಂದಿನ ಬೈಕಿನ ಹತ್ತಿರ ಹೋದಳು. ಹೊಸ ಮದುವಣಗಿತ್ತಿ ಕಿಲಕಿಲ ನಗುತ್ತ ಮುಂದಿನ ಸೀಟಿಗೆ ಬಂದು ಕೂತಳು.

ಮೇಷ್ಟ್ರ ಹೆಂಡತಿ ಗಂಡನ ತೋಳು ಮುಟ್ಟಿದಳು. "ರೀ, ಆ ತಿರುವಿನ ತನಕ ನಾನು..."

"ಇಳಿಜಾರು ಕಣೇ ಇದು. ಸಾಯೋ ಆಸೇನಾ? ಸ್ಕೂಲ್ ಕಾರಲ್ಲಾದ್ರೆ ನನ್ನ ಕಾಲಡೀಲೂ ಒಂದು ಬ್ರೇಕ್ ಇರುತ್ತೆ. ಇದ್ರಲ್ಲಿ ಹಿಂದೆ ಕೂತು ನಾನೇನು ಹಿಡ್ಕೊಳ್ಲಿ, ನಿನ್ನ ಜುಟ್ಟಾ?"

ಮತ್ತೆ ಹಿಂದೆ ಉಳಿದರು. ಮುಂದಿನ ಬೈಕುಗಳೆಲ್ಲ ತಿರುವಿನಲ್ಲಿ ಮರೆಯಾದವು. ಮೇಷ್ಟ್ರು ಹೆಬ್ಬೆರಳು ಒತ್ತಿದರು. ಇಳಿಜಾರಿನಲ್ಲಿ ಬೈಕು ಹುಚ್ಚು ಹಿಡಿದಂತೆ ಹೊರಟಿತು. ತಿರುವು ಬಂದಾಗ ಅವರು ತಮ್ಮ ಮೋಟಾರ್ ಬೈಕಿನ ರೂಢಿಯಂತೆ ಮೈ ವಾಲಿಸಿದರು; ಬೈಕು ತಿರುಗಲಿಲ್ಲ. ಜಲ್ಲಿಯ ಮೇಲೆ ಹಿಂದಿನ ಚಕ್ರ ಜಾರಿತು, ಮುಂದಿನದು ದಿಣ್ಣೆಯನ್ನೇರಿತು, ಮೇಷ್ಟ್ರು ಕಾಲು ಕೆಳಗಿಟ್ಟರು. ಅವಳಿಗೆ ಆಕಾಶ ಕಾಣಿಸಿತು, ಆಮೇಲೆ ಬೆನ್ನಿಗೆ ಪೊದೆ ತಗಲಿತು. ಎದ್ದು ನೋಡಿದರೆ ಬೈಕು ಮಗ್ಗುಲಾಗಿ ಬಿದ್ದಿದೆ, ಮೇಷ್ಟ್ರು ಬಲಗೈಯನ್ನು ಎದೆಗೆ ಅವಚಿಕೊಂಡು "ಅಯ್ಯೋ, ಅಯ್ಯಯ್ಯೋ" ಎನ್ನುತ್ತ ಮಣ್ಣಿನಲ್ಲಿ ಕೂತಿದ್ದಾರೆ. ಮಣಿಕಟ್ಟು ಇರಬೇಕಾದ ಹಾಗೆ ಇರಲಿಲ್ಲ.

ಹಿಂದೆ ಯಾರೂ ಬರದ್ದನ್ನು ಕಂಡು ಗೈಡ್ ವಾಪಸು ಬಂದಳು. ಅವಳ ಬೆನ್ನಿಗೇ ಉಳಿದವರೂ ಬಂದು ನಿಂತರು. ಗೈಡ್ ಮೊದಲು ಕೈ ನೋಡಿದಳು, ಕರವಸ್ತ್ರ ಬಿಚ್ಚಿ ಜೋಲಿ ಕಟ್ಟಿದಳು. ಆಮೇಲೆ ಕೇಳಿದಳು.

"ಯಾರು ಓಡಿಸ್ತಿದ್ರಿ?"

ಮೇಷ್ಟ್ರು ತಲೆ ಎತ್ತಿದರು. ಹಲ್ಲಿನ ಡಾಕ್ಟರು, ಅವರ ಅಕ್ಕ, ಹೊಸ ಜೋಡಿ, ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಇವಳು" ಎಂದರು. "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ದೀಪಸ್ತಂಭದ ಹತ್ರ ಹಟ ಮಾಡಿ ಮುಂದೆ ಕೂತ್ಲು."

ಅವಳು ಬಾಯಿ ತೆರೆದಳು. ನೋವಿನಲ್ಲಿ ಏನೋ ಹೇಳುತ್ತಿದ್ದಾರೆ, ಈಗಲೇ ಸರಿ ಮಾಡುತ್ತಾರೆ ಎಂದು ಕಾದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ನರಳತೊಡಗಿದರು. ಹೊಸ ಮದುವಣಗಿತ್ತಿ ಅವಳ ಭುಜ ಸವರಿ, "ಪರವಾಗಿಲ್ಲ ಆಂಟಿ, ಬೇಕಂತ ಮಾಡಿದ್ದಲ್ವಲ್ಲ" ಎಂದಳು. ಆ ಸಮಾಧಾನದ ಮಾತಿನಿಂದ ಅವಳ ಬಾಯಿ ಕಟ್ಟಿಹೋಯಿತು.

ಬೈಕನ್ನು ಎತ್ತಿ ನಿಲ್ಲಿಸಿದರು. ಇಂಜಿನ್ ಶುರುವಾಯಿತು. ಗೈಡ್ ಫೋನ್ ತೆಗೆದು ನೋಡಿದಳು, ಸಿಗ್ನಲ್ ಇರಲಿಲ್ಲ. "ಸರ್‌ನ ನಾನು ಕೂರಿಸ್ಕೊಂಡು ಹೋಗ್ತೀನಿ. ಮೇಡಂ, ಇಲ್ಲೀತನಕ ಓಡಿಸಿದೀರಲ್ಲ, ಇನ್ನು ದಾರಿ ಸಪಾಟು. ನನ್ನ ಹಿಂದೇನೇ ನಿಧಾನವಾಗಿ ಬರ್ತೀರಾ?"

ಅವಳು ಗಂಡನನ್ನು ನೋಡಿದಳು. ಈಗಲಾದರೂ ಹೇಳಬೇಕಿತ್ತು: ಇವಳಿಗೆ ಬರಲ್ಲ, ಇವಳ ಕೈಗೆ ಕೊಡಬೇಡಿ, ಓಡಿಸಿದ್ದು ನಾನು. ಮೇಷ್ಟ್ರು ಸಮುದ್ರದ ಕಡೆ ನೋಡುತ್ತ ಕೂತಿದ್ದರು.

"ಬರ್ತೀನಿ" ಎಂದಳು.

ಮೊದಲ ತಿರುವಿನಲ್ಲಿ ಉಸಿರು ಹಿಡಿದಿದ್ದಳು; ಹ್ಯಾಂಡಲ್ ತಿರುಗಿಸಿದಳು, ಬೈಕು ತಿರುಗಿತು. ಅಷ್ಟೇ. ಎರಡನೆಯ ತಿರುವಿನಲ್ಲಿ ಉಸಿರಾಡಿದಳು. ಮುಂದೆ ಗಂಡನ ಬೆನ್ನು ಹುಡುಗಿಯ ಬೆನ್ನಿಗಂಟಿ ಕುಲುಕುತ್ತ ಹೋಗುತ್ತಿತ್ತು. ಬಲಗಡೆ ಸಮುದ್ರ ಹತ್ತಿರ ಹತ್ತಿರ ಬಂತು, ಮುಖಕ್ಕೆ ಗಾಳಿ ಬಡಿಯಿತು. ಅವಳಿಗೆ ಖುಷಿಯಾಗುತ್ತಿತ್ತು. ಕೈ ಮುರಿದುಕೊಂಡ ಗಂಡ ಎದುರಿಗೇ ಇರುವಾಗ ಖುಷಿಯಾಗುವುದು ತಪ್ಪೆಂದು ಗೊತ್ತಿತ್ತು, ಆದರೂ ಆಗುತ್ತಿತ್ತು.

ಅಂಗಳ ತಲುಪಿದ ಮೇಲೆ ಮೇಷ್ಟ್ರನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸುವಾಗ ಗೈಡ್ ಅವಳನ್ನು ಪಕ್ಕಕ್ಕೆ ಕರೆದಳು. "ಮೇಡಂ, ಇಷ್ಟು ಜೋಪಾನವಾಗಿ ಓಡಿಸ್ತೀರಲ್ಲ. ಅಲ್ಲಿ ಹೇಗೆ ಬಿದ್ರಿ ಅಂತ ನನಗೆ ಅರ್ಥಾನೇ ಆಗ್ಲಿಲ್ಲ."

"ನನಗೂ ಅರ್ಥ ಆಗ್ಲಿಲ್ಲಮ್ಮ" ಎಂದಳು ಅವಳು.

ಸಂಜೆ ಹೋಟೆಲಿನ ಕೋಣೆಯಲ್ಲಿ ಮೇಷ್ಟ್ರು ಮೊಣಕೈ ತನಕ ಪ್ಲಾಸ್ಟರ್ ಹಾಕಿಸಿಕೊಂಡು ದಿಂಬಿಗೆ ಒರಗಿದ್ದರು. ಅವಳು ಬಾಲ್ಕನಿಯ ಬಾಗಿಲು ಹಾಕಿ ಬಂದು ಮಂಚದ ತುದಿಯಲ್ಲಿ ಕೂತಳು.

"ಯಾಕ್ರೀ ಹಾಗಂದ್ರಿ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಮಗುವಿಗೆ ಪಾಠ ಹೇಳುವವರ ಹಾಗೆ ಹೇಳಿದರು. "ನೋಡು, ನಾನು ಬಿದ್ದೆ ಅಂತ ಊರಲ್ಲಿ ಗೊತ್ತಾದ್ರೆ ಸ್ಕೂಲಿಗೆ ಬೀಗ ಹಾಕ್ಬೇಕಾಗುತ್ತೆ. ಮೇಷ್ಟ್ರೇ ಬಿದ್ರಂತೆ ಅಂತ ಆಡ್ಕೊಂಡು ನಗ್ತಾರೆ. ಅದೇ ನೀನು ಬಿದ್ರೆ ಯಾರು ಏನಂತಾರೆ? ನಿನಗೇನು ಹೋಗೋದು?"

ಅವಳು ಯೋಚಿಸಿದಳು. ಎದ್ದು ಅವರಿಗೆ ಮಾತ್ರೆ ಕೊಟ್ಟಳು.

ಊರಿಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಮಗಳು ಹಡಗುಕಟ್ಟೆಯಲ್ಲೇ ಮುಖ ಗಂಟು ಹಾಕಿಕೊಂಡು ನಿಂತಿದ್ದಳು. "ಓಡಿಸು ಅಂತ ನಾನೇ ಹೇಳಿದ್ದೆ ಸರಿ, ಆದ್ರೆ ಇಳಿಜಾರಲ್ಲಿ ಯಾರಾದ್ರೂ ಹಟ ಮಾಡ್ತಾರಾ ಅಮ್ಮಾ?" ನಾದಿನಿ ಅಣ್ಣನನ್ನು ನೋಡಲು ಹಣ್ಣು ಹಿಡಿದುಕೊಂಡು ಬಂದು, "ಈ ವಯಸ್ಸಲ್ಲಿ ಪ್ಯಾಂಟ್ ಹಾಕ್ಕೊಂಡು ಕುಣಿಯೋದಂದ್ರೆ!" ಎಂದು ಮೂಗು ಮುರಿದಳು. ನಾದಿನಿ ಒಬ್ಬಳೇ ಅಡುಗೆಮನೆಗೆ ಬಂದಾಗ ಅವಳು ತಡೆಯಲಾರದೆ ನಿಜ ಹೇಳಿದಳು. ನಾದಿನಿ ಬಾಗಿಲ ಕಡೆ ಒಮ್ಮೆ ನೋಡಿದಳು.

"ಅಣ್ಣನ ಬುದ್ಧಿ ನನಗೆ ಗೊತ್ತಿಲ್ವಾ ಅತ್ತಿಗೆ? ಚಿಕ್ಕಂದಿನಲ್ಲಿ ಅವನು ಒಡೆದಿದ್ದಕ್ಕೆಲ್ಲ ಪೆಟ್ಟು ತಿಂದೋಳು ನಾನು" ಎಂದಳು. "ಆದ್ರೆ ಈಗ ಎಲ್ಲರಿಗೂ ಹೇಳಾಗಿದೆ. ಎತ್ತಿ ಆಡಿ ಏನು ಬಂತು? ಬಿಡಿ." ಹೊರಗೆ ಹೋಗಿ ಅಣ್ಣನಿಗೆ ಕಿತ್ತಳೆ ಸುಲಿದುಕೊಟ್ಟಳು.

ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಸ್ಕೂಲು ಮತ್ತೆ ಶುರುವಾದ ವಾರ ಅವಳು ಟೀ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬರುವಾಗ ಮೇಷ್ಟ್ರು ಪ್ಲಾಸ್ಟರ್ ಕೈಯನ್ನೇ ಕೋಲಿನಂತೆ ಎತ್ತಿ ಪಾಠ ಹೇಳುತ್ತಿದ್ದರು. ಕುರ್ಚಿಗಳಲ್ಲಿ ಕೂತವರು ಬಹುಪಾಲು ಹೆಂಗಸರು.

"ತಿರುವು ಬಂತು ಅಂದ್ಕೊಳ್ಳಿ. ನಮ್ಮನೆಯೋಳು ಏನು ಮಾಡಿದ್ಲು? ಬರೀ ಮೈ ವಾಲಿಸಿದ್ಲು! ಗಾಬರಿಯಾಗಿ ಕಾಲು ಬೇರೆ ಕೆಳಗಿಟ್ಲು. ನಾನು ಹಿಂದಿನಿಂದ ಕೂಗ್ತಾ ಇದೀನಿ, ಹ್ಯಾಂಡಲ್ ತಿರುಗಿಸೇ, ಹ್ಯಾಂಡಲ್ ತಿರುಗಿಸೇ ಅಂತ..."

ತಾವು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ತೊಡಿಸಿದ್ದರು. ಅವಳು ತಟ್ಟೆಯನ್ನು ಗೇರ್‌ಬಾಕ್ಸಿನ ಪಕ್ಕ ಇಟ್ಟಳು.

"ಓಡಿಸ್ತಿದ್ದದ್ದು ನಾನಲ್ಲ" ಎಂದಳು. "ಇವರು. ಬೀಳಿಸಿದ್ದೂ ಇವರೇ. ವಾಪಸ್ ಓಡಿಸ್ಕೊಂಡು ಬಂದಿದ್ದು ಮಾತ್ರ ನಾನು."

ಮೇಷ್ಟ್ರ ಕಿವಿ ಕೆಂಪಾಯಿತು. ಆಮೇಲೆ ಅವರು ಕುರ್ಚಿಗೆ ಒರಗಿ, ನಿಧಾನವಾಗಿ ನಕ್ಕರು.

"ನೋಡಿದ್ರಾ? ಇದೇ ನಾನು ಹೇಳ್ತಿದ್ದ ಎರಡನೇ ಪಾಠ. ತಪ್ಪು ಒಪ್ಕೊಳ್ಳದೇ ಇರೋರು ಯಾವತ್ತೂ ಡ್ರೈವಿಂಗ್ ಕಲಿಯಲ್ಲ."

ಎಲ್ಲರೂ ಹೋ ಎಂದು ನಕ್ಕರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಗಂಡ ಹೆಂಡಿರ ತಮಾಷೆಯೆಂದೇ ನಕ್ಕಿದ್ದು. ಒಬ್ಬಾಕೆ ಟೀ ಲೋಟ ತೆಗೆದುಕೊಳ್ಳುತ್ತ, "ಹೋಗ್ಲಿ ಬಿಡಿ ಅಕ್ಕಾ, ನಾವೂ ಹಾಗೇನೇ" ಎಂದಳು. ಅವಳು ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಬಂದು, ಒಲೆಯ ಮುಂದೆ ನಿಂತು, ಅಳು ಬರುತ್ತದೇನೋ ಎಂದು ನೋಡಿದಳು. ಬರಲಿಲ್ಲ.

ಆ ತಿಂಗಳಲ್ಲೇ ಅವಳು ಊರಿನ ಆಚೆ ತುದಿಯ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಊರವರಿಗೆ ಬಟ್ಟೆ ಹೊಲಿದುಕೊಟ್ಟು ಉಳಿಸಿದ್ದರಲ್ಲಿ ಫೀಸು ಕಟ್ಟಿದಳು. ಬಟ್ಟೆ ಅಳತೆಗೆ ಹೋಗುತ್ತೇನೆಂದು ಬಸ್ಸು ಹತ್ತುತ್ತಿದ್ದಳು. ಅಲ್ಲಿ ಕಲಿಸುತ್ತಿದ್ದವನು ಮಾತಿಲ್ಲದ ಮನುಷ್ಯ. ಅವಳು ಯಾರ ಹೆಂಡತಿ ಎಂದು ಗೊತ್ತಿದ್ದರೂ ಕೇಳಲಿಲ್ಲ. ಒಂದು ಸಲ ಫೇಲಾದಳು, ಮತ್ತೊಂದು ಸಲ ಕೂತು ಪಾಸಾದಳು. ಲೈಸೆನ್ಸಿನ ಫೋಟೋದಲ್ಲಿ ಅವಳ ಮುಖ ಯಾರೊಂದಿಗೋ ಜಗಳಕ್ಕೆ ನಿಂತ ಹಾಗಿತ್ತು.

ಪರೀಕ್ಷೆಯ ಮೈದಾನದ ಅಧಿಕಾರಿ ಮೇಷ್ಟ್ರಿಗೆ ಹಳೆಯ ಪರಿಚಯ. "ಏನ್ ಮೇಷ್ಟ್ರೇ, ಮನೆಯವರು ಪಾಸಾದ್ರು, ಸಿಹಿ ಎಲ್ಲಿ?" ಎಂದು ಕೇಳಿದನಂತೆ. ಆ ದಿನ ಮೇಷ್ಟ್ರು ಮನೆಗೆ ಬಂದು ಮಾತಾಡದೆ ಉಂಡು ಎದ್ದರು. ಮರುದಿನವೂ ಮಾತಿಲ್ಲ. ಬೈಯಲಿ ಎಂದು ಅವಳು ಕಾದಳು; ಅವರು ಬೈದಿದ್ದರೆ ಹೇಳಲು ಮಾತು ಸಿದ್ಧ ಮಾಡಿಕೊಂಡಿದ್ದಳು. ಮೇಷ್ಟ್ರು ಬೈಯಲಿಲ್ಲ. ಸ್ಕೂಲಿನ ಕಾರಿನ ಕೀಲಿಯನ್ನು ಮೊಳೆಯಿಂದ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು, ಅಷ್ಟೇ. ಕೇಳಿದಾಗ, "ಅದು ಕಲಿಯೋರ ಗಾಡಿ. ನಿನಗೀಗ ಲೈಸೆನ್ಸ್ ಇದೆಯಲ್ಲ" ಎಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಮಗಳು ಫೋನ್ ಮಾಡಿದಳು. ದನಿಯಲ್ಲಿ ಸಂಭ್ರಮವೋ ಸಂಭ್ರಮ.

"ಅಮ್ಮಾ, ಅಪ್ಪ ಎಲ್ಲಾ ಹೇಳಿದ್ರು! ನೀನು ಅವರ ಕೈ ಮುರಿದಿದ್ರೂ ಒಂದು ದಿನಾನೂ ಸಿಟ್ಟು ಮಾಡ್ಕೊಳ್ದೆ, ಹೆದರಿಕೆ ಹೋಗ್ಲಿ ಅಂತ ಪಕ್ಕದಲ್ಲಿ ಕೂತು ಅವರೇ ಕಲಿಸಿದ್ರಂತೆ. ಸ್ಕೂಲಲ್ಲಿ ಎಲ್ಲರಿಗೂ ನಿನ್ನ ಕಥೆನೇ ಹೇಳ್ತಿದಾರಂತೆ. ಎಷ್ಟು ತಾಳ್ಮೆ ಅಲ್ವಾ ಅಪ್ಪಂಗೆ?"

ಮುಂದಿನ ಕೋಣೆಯಿಂದ ಮೇಷ್ಟ್ರ ದನಿ ಕೇಳಿಸುತ್ತಿತ್ತು, ಅದರ ಹಿಂದೆಯೇ ಹೆಂಗಸರ ಮೆಚ್ಚುಗೆಯ ಗುಜುಗುಜು. ಹೊಸಬರು ತುಂಬ ಸೇರಿದ್ದರು. ಕುರ್ಚಿ ಸಾಲದೆ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರಿಗೆಲ್ಲ ಟೀ ಆಗಬೇಕಿತ್ತು.

"ಅಮ್ಮಾ, ಕೇಳಿಸ್ತಾ?"

"ಹೂಂ" ಎಂದಳು ಅವಳು. ಆಮೇಲೆ ಮಗಳ ನೆಗಡಿ ಈಗ ಹೇಗಿದೆ ಎಂದು ವಿಚಾರಿಸಿದಳು.