ಎರಡನೇ ಮಗಳನ್ನು ಕೇಳಲು ಬಂದವರು

"ನಾನೇನೂ ಮಾಡಲ್ಲ. ಬಾಯಾರಿಕೆ ಅಂದ್ರೆ ಒಂದು ಲೋಟ ನೀರು ಕೊಡ್ತೀನಿ. ಅದೂ ನಲ್ಲಿ ನೀರು," ಎಂದಳು ಲೊರೆಟ್ಟಾ.

ಗಂಡ ಆರ್ನಿ ಅಡುಗೆಮನೆಯ ಕಿಟಕಿಯಿಂದ ಅಂಗಳ ನೋಡುತ್ತಿದ್ದ. ಬೂದು ಬಣ್ಣದ ಕಾರೊಂದು ಗೇಟಿನ ಬಳಿ ಅರ್ಧ ಕರಗಿದ ಹಿಮದಲ್ಲಿ ಚಕ್ರ ಜಾರಿಸುತ್ತ ಒಳಕ್ಕೆ ತಿರುಗುತ್ತಿತ್ತು. "ಮನೆಗೆ ಬಂದೋರ ಹತ್ರ ಹಂಗೆಲ್ಲ ನಡ್ಕೋಬಾರದು ಕಣೇ. ಕಾಫಿನಾದ್ರೂ ಇಡು. ಭಾನುವಾರ ಅಂತಾನೂ ನೋಡ್ದೆ ನಾಲ್ಕು ಗಂಟೆ ಕಾರು ಓಡಿಸ್ಕೊಂಡು ಬಂದಿದ್ದಾಳೆ."

"ಅಯ್ಯೋ ಪಾಪ, ನಾಲ್ಕು ಗಂಟೆ! ನಮ್ಮ ಬ್ರಿಟ್ಟಾ ಈಗೀಗ ಆಟಕ್ಕೆ ಹೊರಟ್ರೆ ನಾಲ್ಕು ಗಂಟೆ ಕಳೆದ್ರೂ ಮೊದಲನೇ ವಿಮಾನಾನೂ ಇಳಿದಿರಲ್ಲ. ಅದಕ್ಕೆ ಅಯ್ಯೋ ಅನ್ನೋರು ಯಾರೂ ಇಲ್ಲ."

ಕಾರಿನಲ್ಲಿ ಬಂದವಳು ಟೆಸ್ ಮಲ್ವೇನಿ. ಹಾರ್ಲನ್ ಸ್ಟೇಟ್ ಯೂನಿವರ್ಸಿಟಿಯ ಹುಡುಗಿಯರ ವಾಲಿಬಾಲ್ ತಂಡದ ಕೋಚ್. ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು ದೊಡ್ಡ ಮಗಳು ಬ್ರಿಟ್ಟಾಳನ್ನು ತಂಡಕ್ಕೆ ಕೇಳಿ ಒಪ್ಪಿಸಿಕೊಂಡು ಹೋಗಿದ್ದಳು. ಈಗ ಚಿಕ್ಕವಳನ್ನು ಕೇಳಲು ಬಂದಿದ್ದಾಳೆ. ಅಮೆರಿಕದ ನಮ್ಮ ಈ ಗೋಧಿಸೀಮೆಯಲ್ಲಿ ಕೋಚ್ ಮನೆಗೆ ಬರುತ್ತಾರೆಂದರೆ ಹೆಣ್ಣು ಕೇಳಲು ಬಂದಷ್ಟೇ ಸಡಗರ. ನೆಲ ಒರೆಸಬೇಕು, ಅಜ್ಜಿಯ ಕಾಲದ ತಟ್ಟೆ ಇಳಿಸಬೇಕು, ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕು. ಕೋಚುಗಳಿಗೂ ಒಂದು ಕಟ್ಟಳೆ ಉಂಟು: ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ. ಅಂದು ಲೊರೆಟ್ಟಾ ಮಾಂಸ, ಆಲೂಗಡ್ಡೆ, ಚೀಸ್ ಹಾಕಿ ಓವನ್ನಿನಲ್ಲಿ ದೊಡ್ಡ ತಟ್ಟೆ ತುಂಬ ಬೇಯಿಸಿದ್ದಳು. ಕೋಚ್ ಎರಡು ಸಲ ಹಾಕಿಸಿಕೊಂಡು ತಿಂದು, ಬಾಯಿ ಒರೆಸಿಕೊಂಡು, ಮಾತು ಕೊಟ್ಟಿದ್ದಳು. "ನಮ್ಮ ಕೂಟದಲ್ಲಿ ಒಬ್ಬರೊಬ್ಬರ ಮೇಲೆ ಆಡೋ ಕಾಲೇಜುಗಳೆಲ್ಲ ಕಾರಲ್ಲೇ ಹೋಗಿಬರೋ ದೂರ. ಆಟ ಶುಕ್ರವಾರ, ಶನಿವಾರ. ಒಂದೂ ಬಿಡದೆ ನೀವೇ ಬಂದು ನೋಡಬಹುದು. ನರ್ಸಿಂಗ್ ಓದೋ ಹುಡುಗಿಗೆ ಇಷ್ಟು ಅನುಕೂಲ ಇನ್ನೆಲ್ಲೂ ಸಿಗಲ್ಲ."

ಆ ಮಾತು ನಂಬಿ ಬ್ರಿಟ್ಟಾ ಸಮುದ್ರತೀರದ ದೊಡ್ಡ ಯೂನಿವರ್ಸಿಟಿಯೊಂದಕ್ಕೆ ಬರುವುದಿಲ್ಲ ಎಂದು ಹೇಳಿಬಿಟ್ಟಳು. ಅಡುಗೆಮನೆಯಲ್ಲಿ ಕೂತು ಆಡಿದ ಮಾತನ್ನು ನಂಬುವುದು ನಮ್ಮ ಜನರ ಹಳೆಯ ದಡ್ಡತನ.

ಮೊದಲನೇ ವರ್ಷ ಮಾತಿಗೆ ತಪ್ಪಲಿಲ್ಲ. ಲೊರೆಟ್ಟಾ ಶಾಲೆಯ ಬಸ್ಸು ಓಡಿಸುವವಳು. ಶುಕ್ರವಾರ ಕೊನೆಯ ಮಗುವನ್ನು ಇಳಿಸಿ ಬಂದವಳೇ ಪಿಕಪ್ ಹತ್ತಿದರೆ ಗಂಡಹೆಂಡಿರು ಬೆಟ್ಟ ದಾಟಿ, ಹೊಳೆ ದಾಟಿ, ಎರಡನೇ ಸೆಟ್ ಶುರುವಾಗುವಷ್ಟರಲ್ಲಿ ಗ್ಯಾಲರಿಯಲ್ಲಿ ಇರುತ್ತಿದ್ದರು. ಬ್ರಿಟ್ಟಾ ಸರ್ವ್ ಮಾಡುವ ಮೊದಲು ಒಂದು ಸಲ ತಲೆಯೆತ್ತಿ ಅವರನ್ನು ಹುಡುಕುತ್ತಿದ್ದಳು.

ಆಮೇಲೆ ಶುರುವಾಯಿತು ಈ ಹಾರಾಟ. ಯಾವ ಕಾಲೇಜು ಯಾವ ಕೂಟಕ್ಕೆ ಹೋಗುತ್ತದೆ, ಯಾರನ್ನು ಯಾರು ಕರೆದರು, ಯಾರನ್ನು ಯಾರೂ ಕರೆಯಲಿಲ್ಲ ಅನ್ನುವುದೇ ಎಲ್ಲೆಲ್ಲೂ ಮಾತು. ಆರ್ನಿ ಕೆಲಸ ಮಾಡುವ ಧಾನ್ಯದ ಗೋದಾಮಿನಲ್ಲಿ ಗಂಡಸರು ಲಾರಿ ಇಳಿಸುವುದು ಬಿಟ್ಟು ಭವಿಷ್ಯ ಹೇಳುತ್ತ ನಿಲ್ಲುತ್ತಿದ್ದರು. ಫುಟ್‌ಬಾಲ್ ತೋರಿಸಲು ಟಿವಿಯವರು ಕೊಡುವ ದುಡ್ಡಿಗಾಗಿ ದೊಡ್ಡ ಕಾಲೇಜುಗಳು ಮೊದಲು ಹೋದವು. ಉಳಿದವು ಸಂಜೆಯ ಕೊನೆಯ ಬಸ್ಸಿಗೆ ಓಡುವವರ ಹಾಗೆ ಸಿಕ್ಕಿದ್ದನ್ನು ಹತ್ತಿದವು. ಹಾರ್ಲನ್ ಸ್ಟೇಟ್ ಕೂಡ ಹತ್ತಿತು. ಹೊಸ ಕೂಟದಲ್ಲಿ ಅವರಿಗೆ ಅತಿ ಹತ್ತಿರದ ಎದುರಾಳಿ ಎಂದರೆ ಎರಡು ವಿಮಾನದ ದೂರ. ಅತಿ ದೂರದ್ದು ಅಟ್ಲಾಂಟಿಕ್ ಕಡಲಿನ ದಂಡೆಯಲ್ಲಿ. ಫುಟ್‌ಬಾಲಿನವರು ವರ್ಷಕ್ಕೆ ಆರು ಸಲ, ತಮ್ಮದೇ ಬಾಡಿಗೆ ವಿಮಾನದಲ್ಲಿ, ಕಾಲು ಚಾಚಿಕೊಂಡು ಹೋಗಿ ಬರುತ್ತಾರೆ. ವಾಲಿಬಾಲ್ ಹುಡುಗಿಯರು ಆರಡಿ ಎತ್ತರದ ಮೈಯನ್ನು ಮಡಚಿ ನಡುವಿನ ಸೀಟಿನಲ್ಲಿ ತುರುಕಿಕೊಂಡು ವಾರ ವಾರ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಕೋಚ್ ಬಾಗಿಲಲ್ಲೇ ಬೂಟು ಕಳಚಿ ಒಳಗೆ ಬಂದಳು. ಐವತ್ತರ ಆಸುಪಾಸು, ತೆಳ್ಳಗೆ ಉದ್ದಕ್ಕಿದ್ದಳು. ಆರ್ನಿ ಕುರ್ಚಿ ಎಳೆದುಕೊಟ್ಟು, ತಾನೇ ಕಾಫಿ ಬಗ್ಗಿಸಿದ. ಲೊರೆಟ್ಟಾ ಸಿಂಕಿಗೆ ಒರಗಿ ಕೈಕಟ್ಟಿ ನಿಂತವಳು ಕೂರಲಿಲ್ಲ. ಮೆಟ್ಟಿಲಿಳಿದು ಬಂದಳು ಸಿಗ್ನಿ, ಚಿಕ್ಕ ಮಗಳು. ಹದಿನೇಳು ವರ್ಷಕ್ಕೇ ಅಕ್ಕನಿಗಿಂತ ಎರಡು ಬೆರಳು ಎತ್ತರ. ಹಾರ್ಲನ್ ಸ್ಟೇಟಿನ ಕೆಂಪು ಅಂಗಿ ಹಾಕಿಕೊಂಡಿದ್ದಳು. ಅಕ್ಕನ ಜೊತೆ ಒಂದೇ ತಂಡದಲ್ಲಿ ಆಡಬೇಕೆಂದು ಅವಳು ಕೊಟ್ಟಿಗೆಯ ಗೋಡೆಗೆ ಚೆಂಡು ಹೊಡೆಯಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು.

"ಸಿಗ್ನಿ ಆಟ ನೋಡಿದೆ. ಇಂಥ ಕೈ ನಾನು ನೋಡಿ ತುಂಬ ದಿನ ಆಗಿತ್ತು," ಎಂದಳು ಕೋಚ್. "ಈಗ ನಮ್ಮ ಪ್ರತಿ ಆಟಾನೂ ಟಿವಿಯಲ್ಲಿ ಬರುತ್ತೆ. ದೇಶವೆಲ್ಲ ನೋಡುತ್ತೆ ಅವಳನ್ನ."

"ದೇಶ ನೋಡುತ್ತೆ, ನಾನು ನೋಡಲ್ಲ," ಎಂದಳು ಲೊರೆಟ್ಟಾ. "ಪೂರ್ವದೋರ ರಾತ್ರಿ ಆಟ ಅಂದ್ರೆ ನಮಗೆ ಮಧ್ಯಾಹ್ನ ನಾಲ್ಕು ಗಂಟೆ. ಆ ಹೊತ್ತಲ್ಲಿ ನಾನು ಬಸ್ಸು ತುಂಬ ಮಕ್ಕಳನ್ನ ಹಾಕ್ಕೊಂಡು ಗುಡ್ಡ ಹತ್ತುತಾ ಇರ್ತೀನಿ. ಸ್ಟೀರಿಂಗ್ ಮೇಲೆ ಟಿವಿ ಇಟ್ಕೊಳ್ಳಲಾ?"

"ಲೊರೆಟ್ಟಾ," ಎಂದ ಆರ್ನಿ.

"ಸುಮ್ನಿರು ನೀನು."

ಕೋಚ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕಷ್ಟ ಇದೆ. ಇಲ್ಲ ಅನ್ನಲ್ಲ. ಆದ್ರೆ ಹುಡುಗಿಯರು ಹೊಂದಿಕೊಳ್ತಾರೆ. ಬ್ರಿಟ್ಟಾನ್ನೇ ತಗೊಳ್ಳಿ. ಮೊದಮೊದಲು ಒದ್ದಾಡಿದ್ಲು. ಓದೋಕೆ ಹೊಸ ವಿಷಯ ತಗೊಂಡ ಮೇಲೆ ಎಷ್ಟೋ ಹಗುರ ಆಗಿದ್ದಾಳೆ."

"ಯಾವ ಹೊಸ ವಿಷಯ?"

ಕೋಚ್ ಬಾಯಿ ತೆರೆದವಳು ಹಾಗೇ ಆರ್ನಿಯ ಕಡೆ ನೋಡಿದಳು. ಆರ್ನಿ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ತಿರುಗಿಸತೊಡಗಿದ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಾಕಾಯಿತು.

"ನಿನಗೆ ಗೊತ್ತಿತ್ತು," ಎಂದಳು.

"ಅವಳೇ ಹೇಳ್ತೀನಿ ಅಂದಿದ್ಲು. ನಿಂಗೆ ಬೇಜಾರಾಗುತ್ತೆ ಅಂತ..."

"ನರ್ಸಿಂಗ್ ಬಿಟ್ಲಾ?"

ಕೋಚೇ ಹೇಳಿದಳು. ನರ್ಸಿಂಗ್ ಹುಡುಗಿಯರಿಗೆ ಗುರುವಾರ ಗುರುವಾರ ಆಸ್ಪತ್ರೆಯ ಕೆಲಸ ಕಡ್ಡಾಯ. ಹಳೆಯ ಕೂಟದಲ್ಲಿ ಗುರುವಾರ ಆಟವಿರಲಿಲ್ಲ. ಹೊಸ ಕೂಟದಲ್ಲಿ ಟಿವಿಯವರು ಗುರುವಾರವನ್ನೇ ಕೊಟ್ಟಿದ್ದಾರೆ. ಮೂರು ಗುರುವಾರ ತಪ್ಪಿದರೆ ಹೆಸರು ತೆಗೆದುಹಾಕುತ್ತಾರೆ. ಬ್ರಿಟ್ಟಾಳಿಗೆ ಅಕ್ಟೋಬರಿನಲ್ಲೇ ಮೂರು ತಪ್ಪಿದವು.

ಅಕ್ಟೋಬರ್! ಕ್ರಿಸ್‌ಮಸ್ಸಿಗೆ ಲೊರೆಟ್ಟಾ ಮಗಳಿಗೆ ಒಳ್ಳೆಯದೊಂದು ಸ್ಟೆತೊಸ್ಕೋಪ್ ತರಿಸಿ ಕೊಟ್ಟಿದ್ದಳು. ಹುಡುಗಿ ಅದನ್ನು ಕಿವಿಗಿಟ್ಟುಕೊಂಡು ನಾಯಿಯ ಎದೆ ಪರೀಕ್ಷೆ ಮಾಡಿ, "ರೋಗಿ ಬದುಕ್ತಾನೆ" ಎಂದು ಎಲ್ಲರನ್ನೂ ನಗಿಸಿದ್ದಳು. ಚರ್ಚಿನಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಲೊರೆಟ್ಟಾ ನರ್ಸ್ ಮಗಳ ಸುದ್ದಿ ಹೇಳಿದ್ದಳು. ಈಗ ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು.

"ಏನು ಓದ್ತಾ ಇದ್ದಾಳೆ ಈಗ?"

"ಸಾಮಾನ್ಯ ಪದವಿ. ಕಂಪ್ಯೂಟರಿನಲ್ಲೇ ತರಗತಿ, ಎಲ್ಲಿ ಬೇಕಾದ್ರೂ ಕೂತು..."

"ವಿಮಾನ ನಿಲ್ದಾಣದಲ್ಲಿ ಕೂತು ಓದೋದು. ನೆಲದ ಮೇಲೆ." ಲೊರೆಟ್ಟಾ ಸಿಂಕ್ ಬಿಟ್ಟು ಮೇಜಿನ ಹತ್ತಿರ ಬಂದಳು. ನಲವತ್ತು ಮಕ್ಕಳ ಗದ್ದಲದ ಮೇಲೆ ಕೇಳಿಸಿ ಅಭ್ಯಾಸವಾದ ಗಂಟಲು ಅದು. "ಇದೇ ಕುರ್ಚಿಯಲ್ಲಿ ಕೂತಿದ್ದೆ ನೀನು! ಇದೇ ಕುರ್ಚಿ! ನರ್ಸಿಂಗಿಗೆ ನಮ್ಮಷ್ಟು ಅನುಕೂಲ ಎಲ್ಲೂ ಇಲ್ಲ ಅಂದೆ. ಎರಡೆರಡು ಸಲ ಹಾಕಿಸ್ಕೊಂಡು ತಿಂದೆ. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಅಲ್ವೇನೇ? ಒಬ್ಬಳ ಓದು ಹಾಳು ಮಾಡಿದ್ದು ಸಾಲದು ಅಂತ ಇನ್ನೊಬ್ಬಳನ್ನ ಕೇಳೋಕೆ ಬಂದಿದೀಯ! ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ," ಎಂದಳು ಕೋಚ್.

ಲೊರೆಟ್ಟಾಳ ಮಾತು ಏಕವಚನಕ್ಕೆ ಇಳಿದದ್ದನ್ನು ಅವಳು ಗಮನಿಸಿದ ಹಾಗೆ ಕಾಣಲಿಲ್ಲ. "ಕೂಟ ಬಿಡ್ತಾರೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ಅಭ್ಯಾಸ ಮಾಡಿಸ್ತಾ ಇದ್ದೆ, ಹುಡುಗಿಯೊಬ್ಬಳು ಫೋನ್ ತಂದು ತೋರಿಸಿದ್ಲು. ನಿಮಗೆ ಗೊತ್ತಾದ ಹಾಗೇ ನನಗೂ ಗೊತ್ತಾಯ್ತು. ನರ್ಸಿಂಗ್ ವಿಭಾಗದೋರ ಹತ್ರ ಬ್ರಿಟ್ಟಾನ್ನ ಕರ್ಕೊಂಡು ಹೋದೆ. ಕೈ ಮುಗಿಯೋದೊಂದು ಬಾಕಿ. ಆಟ ಬಿಡು ಅಂತಾನೂ ಹೇಳಿದೆ ಅವಳಿಗೆ. ಆಟ ಬಿಟ್ರೆ ಫೀಸಿಗೆ ಏನು ಮಾಡಲಿ ಅಂದ್ಲು."

"ಹಂಗಾದ್ರೆ ನಾನು ಯಾರ ಮೇಲೆ ಕೂಗಾಡ್ಲಿ?" ಲೊರೆಟ್ಟಾ ಮೇಜನ್ನು ಗುದ್ದಿದಳು, ಕಾಫಿ ತುಳುಕಿತು. "ಕೂಟ ಬಿಡೋಕೆ ಸಹಿ ಹಾಕಿದೋನು ಯಾರು ಹೇಳು. ಅವನ ಅಡುಗೆಮನೆ ಎಲ್ಲಿದೆ ಹೇಳು. ಈಗಲೇ ಬಸ್ಸು ತಗೊಂಡು ಹೋಗ್ತೀನಿ!"

ಹೋಗುತ್ತಿದ್ದಳು ಕೂಡ. ಆದರೆ ಸಹಿ ಹಾಕುವವರು ಯಾರ ಅಡುಗೆಮನೆಗೂ ಬರುವುದಿಲ್ಲ. ಅವರು ಕೋಚುಗಳನ್ನು ಕಳಿಸುತ್ತಾರೆ.

ಆಗ ಸಿಗ್ನಿ ಕೇಳಿದಳು: "ಕೋಚ್, ನಾನು ಬರೋ ಹೊತ್ತಿಗೆ ನಾವು ಯಾವ ಕೂಟದಲ್ಲಿರ್ತೀವಿ?"

"ಗೊತ್ತಿಲ್ಲಮ್ಮ. ಮತ್ತೆ ಮಾತುಕತೆ ನಡೀತಿದೆಯಂತೆ."

"ಯಾವ ವಾರ ಆಡ್ತೀವಿ?"

"ಅದೂ ಗೊತ್ತಿಲ್ಲ."

"ಹಂಗಾದ್ರೆ ನಾನು ಬರಲ್ಲ."

"ದುಡುಕಬೇಡ ಮಗಳೇ," ಎಂದ ಆರ್ನಿ. "ನಾಲ್ಕು ವರ್ಷದ ಓದು, ಊಟ, ವಸತಿ, ಎಲ್ಲ ಪುಕ್ಕಟೆ. ನಮ್ಮ ಕೈಲಿ ಕೊಡೋಕಾಗುತ್ತಾ ಅದು?"

"ಅಕ್ಕಂಗೂ ಪುಕ್ಕಟೆನೇ ಅಪ್ಪ," ಎಂದಳು ಸಿಗ್ನಿ. ಎದ್ದು ಮೆಟ್ಟಿಲು ಹತ್ತಿ ಹೋದಳು. ಮೇಲೆ ಕೋಣೆಯ ಬಾಗಿಲು ಧಡಾರನೆ ಬಿತ್ತು.

ಕೋಚ್ ಕಾಫಿ ಪೂರ್ತಿ ಕುಡಿದು ಎದ್ದಳು. ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವಳಿಗೆ ಬಹಳ ಹೊತ್ತು ಹಿಡಿಯಿತು. ಹೋಗಿ ಬರುತ್ತೇನೆ ಎಂದಳು. ಆರ್ನಿಯೊಬ್ಬನೇ ಉತ್ತರ ಕೊಟ್ಟ.

"ಸಮಾಧಾನ ಆಯ್ತಾ?" ಎಂದ ಬಾಗಿಲು ಮುಚ್ಚಿಕೊಂಡ ಮೇಲೆ. "ಆ ಹೆಂಗಸು ಏನು ಮಾಡ್ತಾಳೆ ಪಾಪ. ಅವಳೂ ಕೂಲಿಯೋಳೇ. ಮೇಲಿನೋರು ಹೇಳಿದ್ದು ಕೇಳ್ಬೇಕು."

"ನೀನು ನನ್ನ ಹತ್ರ ಮಾತಾಡಲೇಬೇಡ. ನಾಲ್ಕು ತಿಂಗಳು ಮುಚ್ಚಿಟ್ಟಿದೀಯ." ಹೀಗೆಂದರೂ ಲೊರೆಟ್ಟಾಳಿಗೆ ಸಮಾಧಾನವಾಗಿರಲಿಲ್ಲ. ಗೆದ್ದಿದ್ದಳು, ಗೆದ್ದದ್ದು ಏನೆಂದು ಗೊತ್ತಾಗಲಿಲ್ಲ. ಮೇಲಿನಿಂದ ಸಿಗ್ನಿ ಬಿಕ್ಕುವುದು ಕೇಳಿಸುತ್ತಿತ್ತು. ಕೋಚ್ ನಾಚಿಕೆ 'ಆಗುತ್ತೆ' ಅಂದದ್ದು ಮನಸ್ಸಿನಲ್ಲಿ ಕೊರೆಯಿತು. ಬೇರೆ ಯಾರೂ ಅಷ್ಟೂ ಅಂದಿರಲಿಲ್ಲ. ಅಂಗಳದಲ್ಲಿ ಕಾರು ಇನ್ನೂ ನಿಂತಿತ್ತು. ಲೊರೆಟ್ಟಾ ಗಂಡನ ಕೋಟನ್ನೇ ಹೆಗಲಿಗೆ ಹಾಕಿಕೊಂಡು, ಒಂದು ಒಳ್ಳೆಯ ಮಾತು ಹೇಳಿ ಕಳಿಸೋಣವೆಂದು ಹೊರಟಳು.

ಕಾರಿನ ಎಂಜಿನ್ ಓಡುತ್ತಿತ್ತು. ಗಾಜಿಗೆ ಮಂಜು ಹಿಡಿದಿದ್ದರಿಂದ ಕೋಚ್ ಕಿಟಕಿಯನ್ನು ಅರ್ಧ ಇಳಿಸಿದ್ದಳು. ಒಳಗಿನಿಂದ ಇನ್ನೊಬ್ಬ ಹೆಂಗಸಿನ ದನಿ ಗಟ್ಟಿಯಾಗಿ ಕೇಳುತ್ತಿತ್ತು. ಕಾರಿನ ಸ್ಪೀಕರಿಗೆ ಫೋನು ಸಿಕ್ಕಿಸಿದ್ದಳು.

"ಏಳು ಗಂಟೆಗೆ ಬಂದ್ಬಿಡಿ ಕೋಚ್, ಊಟ ನಮ್ಮಲ್ಲೇ. ಕೋಳಿ ಮಾಡ್ತಾ ಇದೀನಿ. ನಮ್ಮದೊಂದೇ ಯೋಚನೆ, ಹುಡುಗಿಗೆ ಟೀಚರ್ ಆಗ್ಬೇಕು ಅಂತ ಆಸೆ. ಆಟದಿಂದ ಓದಿಗೆ ತೊಂದರೆ ಆಗಲ್ಲ ತಾನೆ?"

"ಛೆ ಛೆ, ಎಲ್ಲಾದ್ರೂ ಉಂಟಾ?" ಎಂದಳು ಕೋಚ್. ಎರಡು ವರ್ಷದ ಹಿಂದೆ ಲೊರೆಟ್ಟಾಳ ಅಡುಗೆಮನೆಯಲ್ಲಿ ಕೇಳಿದ್ದು ಇದೇ ದನಿ. ಅದೇ ಬೆಚ್ಚಗಿನ, ನಂಬಿಸುವ ದನಿ. "ನಮ್ಮಲ್ಲಿ ಓದು ಮೊದಲು. ನಿಮ್ಮ ಮಗಳನ್ನ ನನ್ನ ಮಗಳ ಥರ ನೋಡ್ಕೋತೀನಿ."

ಲೊರೆಟ್ಟಾ ಹೇಳಲು ಬಂದ ಒಳ್ಳೆಯ ಮಾತು ಅಲ್ಲೇ ಸುಟ್ಟುಹೋಯಿತು. ಬಗ್ಗಿ ಕಿಟಕಿಯೊಳಗೆ ತಲೆ ಹಾಕಿದಳು.

"ಯಾವ ವಾರ ಆಡ್ತೀರಿ ಅಂತ ಕೇಳಮ್ಮ," ಎಂದಳು.

ಕೋಚ್ ಬೆಚ್ಚಿಬಿದ್ದು ತಿರುಗಿದಳು. ಸ್ಪೀಕರಿನ ದನಿ, "ಯಾರದು?" ಎಂದಿತು.

"ನನ್ನ ಪರಿಚಯ ಇಲ್ಲ ನಿಂಗೆ. ಇವರು ಈಗ ತಾನೆ ನಮ್ಮನೆಯಿಂದ ಎದ್ದು ಬಂದ್ರು. ನೀನು ಕೋಳಿ ಬಡಿಸೋಕೆ ಮೊದಲು ಕೇಳು. ಯಾವ ವಾರ ಆಡ್ತಾರೆ, ಯಾವ ವಾರ ಊರು ಬಿಡ್ತಾರೆ. ನಾನು ಕೇಳಿರಲಿಲ್ಲ."

ಕೋಚಿನ ಬೆರಳು ಫೋನು ಕಟ್ ಮಾಡುವ ಗುಂಡಿಯ ಹತ್ತಿರ ಹೋಯಿತು. ಇಬ್ಬರು ಹೆಂಗಸರೂ ಆ ಬೆರಳನ್ನೇ ನೋಡಿದರು.

"ಕೋಚ್? ಇದ್ದೀರಾ? ಯಾವ ವಾರ ಆಡೋದು ನೀವು?"

ಕೋಚ್ ಬೆರಳು ಹಿಂದಕ್ಕೆ ತೆಗೆದಳು. ಎದುರಿನ ಗಾಜನ್ನು ನೋಡುತ್ತ, "ಗುರುವಾರ," ಎಂದಳು. "ಗುರುವಾರ, ಶನಿವಾರ. ಬುಧವಾರ ಬೆಳಿಗ್ಗೆ ಹೊರಡ್ತೀವಿ."

"ಬುಧವಾರಾನಾ? ಹಂಗಾದ್ರೆ ತರಗತಿ?"

ಕೋಚ್ ಹೇಳತೊಡಗಿದಳು. ಈ ಸಲ ಆ ಬೆಚ್ಚಗಿನ ದನಿ ಇರಲಿಲ್ಲ, ಸುಸ್ತಾದವಳ ದನಿ ಇತ್ತು. ಮೇಲಿನ ಕೋಣೆಯಲ್ಲಿ ದೀಪ ಹತ್ತಿತು. ಲೊರೆಟ್ಟಾ ಕಾರಿನ ಒದ್ದೆ ಚಾವಣಿಯ ಮೇಲೆ ಅಂಗೈ ಊರಿಕೊಂಡು, ಮಾತು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.